ನಾಮಾಂಕಿತ ಉಪನ್ಯಾಸಕ

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡೆಯುತ್ತದೆ. ಹಾಲ್‌ನಿಂದ ಹೊರಟ ನನ್ನ ಮಾತು ಅಡುಗೆಮನೆಯವರೆಗೂ ನಡೆದುಕೊಂಡೇ ಹೋಗುತ್ತದೆ. ಅಲ್ಲಿ ನನ್ನ ಹೆಂಡತಿ ಸುನಂದ, ನನ್ನ ತಾಯಿ ಆಂಜಿನಮ್ಮ ಇಬ್ಬರೂ ಸೇರಿ ಅದಕ್ಕೆ ಒಗ್ಗರಣೆ ಹಾಕಿ, ತಟ್ಟೆಗೆ ಬಡಿಸಿ, ನನಗೇ ತಂದುಕೊಡುತ್ತಾರೆ. ಆಗ ನಾನು ಹೇಳಿದ್ದೇನು, ತಿನ್ನುತ್ತಿರುವುದೇನು ಅಂತ ನನಗೇ ಗುರುತು ಸಿಗುವುದಿಲ್ಲ.

ನಾನು ಕೋಲಾರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುವವನು. ಮಗಳು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಒಂದು ಘೋಷಣೆ ಹೊರಡಿಸಿದ್ದೆ. "ಈ ಮಗುವಿನ ಮೇಲೆ ಯಾವ ಧರ್ಮವನ್ನೂ ಹೇರುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಎಲ್ಲವನ್ನೂ ಓದಿ, ಅಳೆದು ತೂಗಿ, ಬೇಕಾದ್ದನ್ನು ಆರಿಸಿಕೊಳ್ಳಲಿ. ಬೇಡವಾದರೆ ಬಿಡಲಿ. ಒಬ್ಬ ಎಮ್ಮೆಲ್ಲೆಯನ್ನು ಆರಿಸುವುದಕ್ಕೇ ಹದಿನೆಂಟಾಗಬೇಕು. ದೇವರನ್ನು ಆರಿಸುವುದಕ್ಕೆ ಬೇಡವೇ?" (ಈ ವಾಕ್ಯ ನನಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಪ್ರತಿ ವರ್ಷವೂ ಕ್ಲಾಸಿನಲ್ಲಿ ಬಳಸಿದೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.)

ಬಾಣಂತಿ ಮಂಚದ ಪಕ್ಕದಲ್ಲಿ ಕೂತಿದ್ದ ಅಮ್ಮ ತಲೆ ಎತ್ತಲಿಲ್ಲ. ಅವರು ಮುಳಬಾಗಿಲು ಕಡೆಯವರು. ಕೋಪ ಬಂದರೆ ಅರ್ಧ ತೆಲುಗು.

"ಏಮಿರಾ ನಾಯ್ನಾ, ಮಗೂಗೆ ಕನ್ನಡ ಕಲಿಸ್ತೀಯೋ, ಇಲ್ಲ ಅದೂ ಹದಿನೆಂಟಾದ್ಮೇಲೇನೋ? ನಮ್ಮ ತೆಲುಗು ಬೇಕಾ ಬೇಡ್ವಾ ಅಂತ ಕೇಳ್ಕೊಂಡು ಬಾ. ಅಲ್ಲೀಗಂಟ ಸುಮ್ನೆ ಕೈಸನ್ನೆ ಮಾಡ್ಕೊಂಡಿರಾನ."

"ಅಮ್ಮ, ಭಾಷೆ ಬೇರೆ, ಧರ್ಮ ಬೇರೆ."

"ಹೌದೌದು. ಎರಡೂ ನಂಗೆ ನಮ್ಮಮ್ಮ ಕೇಳದೇನೇ ಕಲಿಸಿದ್ಲು. ನೋಡು, ಹೆಂಗೆ ಕೆಟ್ಟೋಗಿದೀನಿ."

ಹೆಸರಿನಲ್ಲೂ ದೇವರ ಸೋಂಕು ಇರಬಾರದೆಂದು ಮಗಳಿಗೆ ಚುಕ್ಕಿ ಎಂದು ಹೆಸರಿಟ್ಟೆ. ಅಮ್ಮ ಅದನ್ನು ತುಂಬು ಮನಸ್ಸಿನಿಂದ ಒಪ್ಪಿಕೊಂಡು, ಅವತ್ತಿನಿಂದ ಇವತ್ತಿನವರೆಗೆ ಅವಳನ್ನು ವೆಂಕಟಮ್ಮ ಎಂದೇ ಕರೆಯುತ್ತಾರೆ. ಮನೆದೇವರು ವೆಂಕಟರಮಣಸ್ವಾಮಿ, ಅದಕ್ಕೆ. ಮಗಳು ಎರಡೂ ಹೆಸರಿಗೆ "ಹಾಂ" ಅನ್ನುತ್ತಾಳೆ. ಊಟಕ್ಕೆ ಕರೆದರೆ ಮಾತ್ರ ಬೇಗ ಅನ್ನುತ್ತಾಳೆ.

ಹೀಗೆ ಎಂಟು ವರ್ಷ ನನ್ನ ಸಿದ್ಧಾಂತ ಕೂದಲೂ ಕೊಂಕದೆ ನಿಂತಿತ್ತು. ಅದಕ್ಕೆ ಸಂಚಕಾರ ಬಂದದ್ದು ಒಂದು ಹಿತ್ತಾಳೆ ಚೊಂಬಿನಿಂದ.

ನಮ್ಮ ಕಡೆ ವೆಂಕಟರಮಣನ ಒಕ್ಕಲಿನವರಲ್ಲಿ ಒಂದು ಪದ್ಧತಿ ಇದೆ. ಶ್ರಾವಣ ಶನಿವಾರ ಮನೆಯವರೊಬ್ಬರು ತಲೆಗೆ ಸ್ನಾನ ಮಾಡಿ, ಹಣೆಗೆ ನಾಮ ಇಟ್ಟು, ಚೊಂಬಿಗೂ ನಾಮ ಇಟ್ಟು, ಅದರ ಕೊರಳಿಗೆ ತುಳಸಿ ಸುತ್ತಿ, ಬರಿಗಾಲಲ್ಲಿ ಐದು ಮನೆಯ ಮುಂದೆ ನಿಂತು "ವೆಂಕಟರಮಣಾ ಗೋವಿಂದಾ ಗೋವಿಂದ" ಎಂದು ಕೂಗಿ ಅಕ್ಕಿ ಬೇಡಬೇಕು. ಉಳ್ಳವನಿರಲಿ, ಇಲ್ಲದವನಿರಲಿ, ಅವತ್ತು ಎಲ್ಲರೂ ಭಿಕ್ಷುಕರೇ. ಬೇಡಿ ತಂದ ಅಕ್ಕಿಯಲ್ಲೇ ಅವತ್ತಿನ ಅಡುಗೆ. ನಮ್ಮಪ್ಪ ಇರುವವರೆಗೂ ಒಂದು ಶ್ರಾವಣವೂ ತಪ್ಪಿಸಲಿಲ್ಲ. ಅವರು ಹೋದ ಮೇಲೆ ಚೊಂಬು ಅಟ್ಟ ಸೇರಿತ್ತು. ಅಮ್ಮ ನನ್ನನ್ನು ಒಂದೇ ಸಲ ಕೇಳಿದ್ದರು. ನಾನು ಮುಕ್ಕಾಲು ಗಂಟೆ ಉತ್ತರ ಹೇಳಿದ್ದೆ. ಮತ್ತೆ ಅವರು ಕೇಳಿರಲಿಲ್ಲ.

ಈ ಸಲ ಶ್ರಾವಣ ಹುಟ್ಟಿದ ಮಾರನೆಯ ದಿನ ಅಮ್ಮ ಸುನಂದಳ ಕೈಲಿ ಚೊಂಬು ಇಳಿಸಿಕೊಂಡು, ಹುಣಸೇಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದರು.

"ಅಜ್ಜಿ, ತೊಳ್ದಿದ್ದು ಮತ್ಯಾಕೆ ಕಟ್ಟಿಡ್ತಿದೀಯ?" ಅಂದಳು ಚುಕ್ಕಿ.

"ಬೇಡೋರು ಯಾರೂ ಇಲ್ವಲ್ಲಮ್ಮ. ನಿಮ್ಮ ತಾತನ ಜೊತೇಲೇ ಮುಗೀತು ಅಂದ್ಕೊಂತೀನಿ."

ಅಮ್ಮ ಇದನ್ನು ಯಾರನ್ನೂ ದೂರುವ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಸಂಕಟವಾಯಿತು. ಪೇಪರ್ ಓದುತ್ತಿದ್ದವನಂತೆ ನಟಿಸಿದೆ.

"ನಾನು ಹೋಗ್ತೀನಿ!" ಅಂದಳು ಚುಕ್ಕಿ. "ನಮ್ಮ ಕ್ಲಾಸಲ್ಲಿ ಇಬ್ರು ಹೋಗ್ತಾರೆ. ಅಪ್ಪ, ಹೋಗ್ಲಾ?"

ನಾನು ಪೇಪರ್ ಮಡಿಸಿ, ಅವಳನ್ನು ಹತ್ತಿರ ಕೂರಿಸಿಕೊಂಡು, ಆಯ್ಕೆಯ ಸ್ವಾತಂತ್ರ್ಯದ ಬಗ್ಗೆ ತಿಳಿಯಾಗಿ ವಿವರಿಸಿ, ಹದಿನೆಂಟಾದ ಮೇಲೆ ನಿನ್ನಿಷ್ಟ ಎಂದು ಮುಗಿಸುವುದರಲ್ಲಿದ್ದೆ. ಅಷ್ಟರಲ್ಲಿ ಸುನಂದ ಅಡುಗೆಮನೆಯಿಂದ ತಲೆ ಹಾಕಿದಳು.

"ಏನ್ರೀ, ಅವಳಿಗೆ ಅಷ್ಟೆಲ್ಲಾ ಯಾಕೆ ಹೇಳ್ತೀರ? ಅವಳು ಹೋಗೋ ಹಂಗೇ ಇಲ್ಲ. ಹೆಣ್ಣುಮಕ್ಕಳು ಚೊಂಬು ಹಿಡಿಯಂಗಿಲ್ಲ. ಅಲ್ವಾ ಅತ್ತೆ?"

ಅಮ್ಮ ಒಂದು ಕ್ಷಣ ಸೊಸೆಯ ಮುಖ ನೋಡಿದರು. ಆಮೇಲೆ ಬಲು ಗಂಭೀರವಾಗಿ, "ಹೂಂ. ಹಿಡಿಯಂಗಿಲ್ಲ. ಗಂಡುಮಕ್ಕಳೇ ಆಗ್ಬೇಕು" ಅಂದರು.

"ಯಾಕೆ?" ಅಂದೆ ನಾನು.

"ಯಾಕೆ ಅಂದ್ರೆ? ಹೆಣ್ಣು ಅಂದ್ಮೇಲೆ ಹೆಣ್ಣೇ."

ಅಷ್ಟೇ. ನನ್ನ ನೆತ್ತಿಗೆ ಬೆಂಕಿ ಬಿತ್ತು. ಸಮಾನತೆ ಎಂಬುದು ನನ್ನ ಸಿಲೆಬಸ್ಸಿನಲ್ಲೇ ಇರುವ ಪಾಠ. ನನ್ನ ಮಗಳಿಗೆ, ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ ಹೆಣ್ಣು ಎಂಬ ಒಂದೇ ಕಾರಣಕ್ಕೆ ಚೊಂಬು ನಿರಾಕರಣೆ! ನಾನು ಎದ್ದು ನಿಂತೆ. ಸಂವಿಧಾನ ತಂದೆ. ಚರಿತ್ರೆ ತಂದೆ. ಓಬವ್ವನನ್ನು ಒನಕೆ ಸಮೇತ ತಂದೆ. ಕೊನೆಗೆ ಮೇಜು ಗುದ್ದಿ, "ಯಾರು ತಡೀತಾರೋ ನಾನೂ ನೋಡ್ತೀನಿ! ಈ ಶನಿವಾರ ನನ್ನ ಮಗಳು ಚೊಂಬು ಹಿಡಿದೇ ಹಿಡೀತಾಳೆ! ನಾಮಾನೂ ಹಾಕ್ಕೊಂತಾಳೆ!" ಎಂದು ಗರ್ಜಿಸಿದೆ.



"ಆಯ್ತು ಬಿಡ್ರಿ, ನೀವು ಇಷ್ಟು ಹಟ ಹಿಡಿದ್ರೆ ನಾವೇನು ಮಾಡೋಕಾಗುತ್ತೆ" ಅಂದಳು ಸುನಂದ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಒಂದೇ ಮಾತಿಗೆ ಸೋತದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು. ಗೆದ್ದವನಿಗೆ ಅನುಮಾನ ಎಲ್ಲಿ ಬರುತ್ತದೆ, ಹೇಳಿ.

ಶನಿವಾರ ಬೆಳಿಗ್ಗೆ ಚುಕ್ಕಿ ಹೊಸ ಲಂಗ ಹಾಕಿಕೊಂಡು, ಹಣೆಗೆ ನಾಮ ಇಡಿಸಿಕೊಂಡು ಮಿಂಚುತ್ತಿದ್ದಳು. ನಾನು ಕಾಫಿ ಕುಡಿಯುತ್ತಾ ನನ್ನ ವಿಜಯವನ್ನು ನೋಡಿ ಆನಂದಿಸುತ್ತಿದ್ದೆ. ಅಮ್ಮ ನಾಮದ ಬಟ್ಟಲು ಹಿಡಿದು ನನ್ನ ಮುಂದೆ ಬಂದು ನಿಂತರು.

"ಬಗ್ಗು."

"ನಾನ್ಯಾಕೆ?"

"ಎಂಟು ವರ್ಷದ ಮಗೂನ ಒಂದೇ ಕಳಿಸ್ತೀಯಾ? ಅವಳು ವೆಂಕಟರಮಣಾ ಅಂದ್ರೆ ಹಿಂದೆ ಯಾರಾದ್ರೂ ಗೋವಿಂದಾ ಅನ್ನಬೇಕು. ಗೋವಿಂದಾ ಅನ್ನೋನ ಹಣೆ ಬೋಳಾಗಿರ್ಬಾರ್ದು."

"ಸುನಂದ ಹೋಗ್ಲಿ."

"ಅಡುಗೆ ನೀವು ಮಾಡ್ತೀರಾ?" ಅಂದಿತು ಅಡುಗೆಮನೆ.

ನಾನು ಸಂಧಾನಕ್ಕಿಳಿದೆ. ಪಂಚೆ ಇಲ್ಲ, ಪ್ಯಾಂಟು. ನಾಮ ಇಡಬಹುದು, ಆದರೆ ಕಂಡೂ ಕಾಣದಷ್ಟು ಚಿಕ್ಕದಾಗಿ. ಅಮ್ಮ ಎಲ್ಲಕ್ಕೂ ಒಪ್ಪಿ, "ಹುಬ್ಬಿನಿಂದ ಕೂದಲು ಶುರುವಾಗೋವರೆಗೂ ಅಷ್ಟೇ ಕಣೋ ಕಿಟ್ಟ" ಎಂದು ಹೆಬ್ಬೆರಳಿಟ್ಟರು. ನನ್ನ ಕೂದಲು ಎಲ್ಲಿ ಶುರುವಾಗುತ್ತದೆ ಎಂಬುದು ಈಚೆಗೆ ಸಂಶೋಧನೆಯ ವಿಷಯ. ನಾಮ ಹೊರಟಿತು, ಹೊರಟಿತು, ನಡುನೆತ್ತಿ ದಾಟಿಯೂ ಹೊರಟಿತು. ಸರ್ಕಾರದಲ್ಲಿ ಪತ್ರಾಂಕಿತ ಅಧಿಕಾರಿಗಳಿರುತ್ತಾರಲ್ಲ, ಹಾಗೆ ನಾನು ನಾಮಾಂಕಿತನಾದೆ.

ಮೊದಲ ಮನೆ ಪಕ್ಕದಮನೆಯ ವೆಂಕಟರಮಣಪ್ಪನವರದು. ಟೊಮೆಟೊ ಮಂಡಿಯವರು. ಪ್ರತಿ ಭಾನುವಾರ ಅವರಿಗೂ ನನಗೂ ದೇವರಿದ್ದಾನೋ ಇಲ್ಲವೋ ಎಂದು ಕಾಂಪೌಂಡಿನ ಆಚೆ ಈಚೆ ವಾಗ್ವಾದ ನಡೆಯುತ್ತಿತ್ತು. ಚುಕ್ಕಿ "ವೆಂಕಟರಮಣಾ..." ಎಂದು ಕೂಗಿದಳು. ನಾನು ಹಿಂದಿನಿಂದ "ಗೋವಿಂದ" ಎಂದು ಕೆಮ್ಮಿದೆ.

ಅವರು ತಮ್ಮನ್ನೇ ಯಾರೋ ಕರೆದರೆಂದು "ಯಾರದು?" ಎನ್ನುತ್ತಾ ಹೊರಗೆ ಬಂದವರು ನನ್ನನ್ನು ನೋಡಿದರು. ನನ್ನ ನೆತ್ತಿ ನೋಡಿದರು. ಒಳಗೆ ಹೋಗಿ ಒಂದು ಸೇರು ಅಕ್ಕಿ, ಅದರ ಮೇಲೆ ನಾಲ್ಕು ದಪ್ಪ ಟೊಮೆಟೊ ತಂದು ಹಾಕಿ, ಕೈಮುಗಿದು, "ಮೇಷ್ಟ್ರೇ, ವಾದದಲ್ಲಿ ಗೆದ್ದಿದ್ದು ಯಾರು ಅಂತ ಕೇಳಲ್ಲ. ಭಗವಂತ ದೊಡ್ಡೋನು" ಅಂದರು.

ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಚೊಂಬು ಭಾರವೆಂದು ನನ್ನ ಕೈಗೆ ಬಂತು. ಅಲ್ಲಿ ಒಬ್ಬ ಅಜ್ಜಿ ಚುಕ್ಕಿಯ ಎರಡೂ ಕೆನ್ನೆ ಹಿಂಡಿದರು. ಮೂರನೆಯ ಮನೆಯವರು ಇನ್ನೂ ಗಟ್ಟಿಯಾಗಿ ಹಿಂಡಿದರು. ನಾಲ್ಕನೆಯ ಮನೆಯ ಬಾಗಿಲು ತೆರೆದವಳು ನನ್ನ ವಿದ್ಯಾರ್ಥಿನಿ ವಾಣಿಶ್ರೀ.

"ಅಮ್ಮಾ! ರಾಜ್ಯಶಾಸ್ತ್ರ ಬಂದಿದಾರೆ, ಅಕ್ಕಿ ತಗೊಂಡು ಬಾ!" ಎಂದು ಒಳಕ್ಕೆ ಕೂಗಿ, ನನ್ನ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದಳು. "ಸಾರ್, ನಿನ್ನೆ ಜಾತ್ಯತೀತತೆ ಮುಗಿಸಿದ್ರಲ್ಲ, ಇದು ಅದರದೇ ಪ್ರಾಕ್ಟಿಕಲ್ಲಾ?"

"ಇದು ಸಮಾನತೆ" ಅಂದೆ. ನೆತ್ತಿಯವರೆಗೂ ನಾಮ ಇರುವವನ ಬಾಯಲ್ಲಿ ಆ ಪದಕ್ಕೆ ತೂಕ ಬರಲಿಲ್ಲ. ಅವಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡಳು. ಸೋಮವಾರ ಸ್ಟಾಫ್ ರೂಮಿಗೆ ನಾನು ಕಾಲಿಡುವ ಮೊದಲೇ ಆ ಫೋಟೋ ಕಾಲಿಟ್ಟಿತ್ತು.

ಐದನೆಯ ಮನೆಯನ್ನೂ ಮುಗಿಸಿ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಚೊಂಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಅಕ್ಕಿಯೊಳಗೆ ಬೆರಳಾಡಿಸಿದರು. ಅವರ ಕಣ್ಣು ತುಂಬಿತ್ತು. "ನಾ ತಂಡ್ರಿ, ನನ್ನಪ್ಪನೇ" ಎಂದು ನನ್ನ ಗಲ್ಲ ಮುಟ್ಟಿದರು. ಇಷ್ಟು ವರ್ಷ ಈ ಒಂದು ಚೊಂಬು ಅಕ್ಕಿಗೆ ಅಮ್ಮ ಎಷ್ಟು ಹಂಬಲಿಸಿದ್ದರು ಎಂಬುದು ಆಗ ನನಗೆ ತಿಳಿಯಿತು. ಆ ಅಕ್ಕಿಯ ಪೊಂಗಲ್ಲು, ಆ ಟೊಮೆಟೊ ಗೊಜ್ಜು. ಐದು ಮನೆಯ ಅಕ್ಕಿ ಐದು ತರ. ಒಂದು ಕರಗಿತ್ತು, ಒಂದು ಬೆಂದೇ ಇರಲಿಲ್ಲ. ಆದರೂ ಅಷ್ಟು ರುಚಿಯಾದ ಊಟ ನಾನು ಈಚೆಗೆ ಮಾಡಿಲ್ಲ. (ಇದನ್ನು ಸುನಂದ ಓದುವುದಿಲ್ಲ ಎಂದುಕೊಂಡಿದ್ದೇನೆ.)

ಸಂತೋಷದ ಭರದಲ್ಲಿ ಅಮ್ಮನಿಗೆ ಬಾಯಿ ಜಾರಿತು. "ನಾನು ವೆಂಕಟಮ್ಮನಷ್ಟಿದ್ದಾಗ ನಮ್ಮೂರಲ್ಲಿ ಹಿಂಗೇ ಚೊಂಬು ಹಿಡ್ಕೊಂಡು ಬೀದಿಯೆಲ್ಲಾ ಸುತ್ತುತಿದ್ದೆ."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ಹೆಣ್ಣುಮಕ್ಕಳು ಹಿಡಿಯಂಗಿಲ್ಲ ಅಂದ್ರಿ?"

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಗೊಜ್ಜಿನ ಮುಖ ನೋಡಿದಳು.

"ನೀವು ಹೂಂ ಅನ್ನಬೇಕಾದ್ರೆ ಯಾರಾದ್ರೂ ಬೇಡ ಅನ್ನಬೇಕಲ್ಲಾ ರೀ" ಅಂದಳು ಸುನಂದ. "ಇನ್ನೊಂದು ಸೌಟು ಹಾಕ್ಲಾ?"

ಹಾಕಿಸಿಕೊಂಡೆ. ನೆತ್ತಿಯವರೆಗೂ ನಾಮ ಹಾಕಿಸಿಕೊಂಡವನಿಗೆ ಒಂದು ಸೌಟು ಯಾವ ಲೆಕ್ಕ? ಹೋಗಲಿ, ಮಗಳಿಗಾದರೂ ಖುಷಿಯಾಯಿತಲ್ಲ ಎಂದು ಅವಳ ಕಡೆ ತಿರುಗಿದೆ. ಅವಳು ಕೆನ್ನೆ ಸವರಿಕೊಳ್ಳುತ್ತಾ ಏನೋ ಯೋಚಿಸುತ್ತಿದ್ದಳು.

"ಅಪ್ಪ, ಮುಂದಿನ ಶನಿವಾರ ನಾನು ಹೋಗಲ್ಲ."

"ಯಾಕಮ್ಮ?"

"ನಾಮ ತುರಿಸುತ್ತೆ. ಎಲ್ರೂ ಕೆನ್ನೆ ಹಿಂಡ್ತಾರೆ. ಯೋಚನೆ ಮಾಡಿದೆ, ನಂಗೆ ಬೇಡ."

ನನಗೆ ರೋಮಾಂಚನವಾಯಿತು. ನೋಡಿ, ಎಂಟನೆಯ ವಯಸ್ಸಿಗೇ ಎಂಥ ವಿವೇಚನೆ! ಅಮ್ಮನ ಮುಖ ಬಾಡಿತು. "ಶ್ರಾವಣದಲ್ಲಿ ಒಂದ್ಸಲ ಹಿಡಿದ ಚೊಂಬು ತಿಂಗಳು ಮುಗಿಯೋಗಂಟ ಬಿಡಂಗಿಲ್ಲ ಕಣಮ್ಮ" ಅಂದರು ಮೆಲ್ಲಗೆ.

"ಅಮ್ಮ, ಮಗು ಬೇಡ ಅಂದ್ಮೇಲೆ ಮುಗೀತು!" ಎಂದೆ. "ಅವಳ ಮೇಲೆ ಯಾರೂ ಬಲವಂತ ಮಾಡೋ ಹಂಗಿಲ್ಲ."

"ಅವಳನ್ನ ಯಾರೋ ಬಲವಂತ ಮಾಡ್ತಾರೆ? ಪಾಪ, ಅವಳಿಷ್ಟ. ನೀನು ಹೋಗು."

"ನಾನಾ? ನಂಗೆ ನಂಬಿಕೇನೇ ಇಲ್ಲ. ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?"

ಅಮ್ಮ ನನ್ನ ತಟ್ಟೆಗೆ ತುಪ್ಪ ಹಾಕುತ್ತಾ, ತಣ್ಣಗೆ ಹೇಳಿದರು. "ನಿನ್ನ ಮಗಳನ್ನ ನೀನು ಕೇಳ್ಕೊಂಡು ಬೆಳೆಸು ಕಣೋ, ನಾನು ಅಡ್ಡ ಬರಲ್ಲ. ನನ್ನ ಮಗನ್ನ ನಾನು ನನಗೆ ತೋಚಿದಂಗೆ ಬೆಳೆಸ್ತೀನಿ."

ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇರಬಹುದು. ನನಗಿನ್ನೂ ಸಿಕ್ಕಿಲ್ಲ. ಮುಂದಿನ ಶನಿವಾರ ಪ್ಯಾಂಟಿನ ರಿಯಾಯಿತಿಯೂ ರದ್ದಾಗಿ, ಅಪ್ಪನ ಪಂಚೆ ಉಟ್ಟು, ಬರಿಗಾಲಲ್ಲಿ ಚೊಂಬು ಹಿಡಿದು ಗೇಟಿನ ಹತ್ತಿರ ನಿಂತೆ. ಚುಕ್ಕಿ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನನ್ನನ್ನು ನೋಡಿ ಪಾಪ ಅನ್ನಿಸಿರಬೇಕು.

"ಅಪ್ಪ, ನಿಂಗಿಷ್ಟ ಇಲ್ಲಾಂದ್ರೆ ಬೇಡ ಅನ್ನು. ಅಷ್ಟೇ."

ನಾನು ತಿರುಗಿ ನೋಡಿದೆ. ಬಾಗಿಲಲ್ಲಿ ಅಮ್ಮ ನಿಂತಿದ್ದರು, ಮುಖದ ತುಂಬಾ ನಗು.

"ಗೋವಿಂದಾ!" ಅಂದೆ, ಬೀದಿಗೆಲ್ಲ ಕೇಳುವ ಹಾಗೆ.