ಗೋಲಿನ ಮುಂದೆ ಕರ್ಪೂರ

ಪತ್ರಿಕೆಯಲ್ಲಿ ಬಹಳ ಕಾಲ ದುಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ ಉಳಿದವರು ಓಡಿಹೋಗಿ ಎತ್ತುತ್ತಾರೆ. ನಾವು ಎಲ್ಲಿ, ಯಾವಾಗ, ಹೇಗೆ ಎಂದು ಕೇಳುತ್ತೇವೆ. ಹಾಗಾಗಿ ಮಗಳು ಚೈತ್ರ ತನ್ನ ಕಾಲೇಜಿನ ಹೊಸ ಐಸ್ ಹಾಕಿ ತಂಡಕ್ಕೆ ಸೇರಿದ್ದೇನೆ ಎಂದಾಗ ನಾನು ಅಭಿನಂದಿಸಲಿಲ್ಲ, "ಎಲ್ಲಿ?" ಎಂದೆ. ತುಮಕೂರಿನಲ್ಲಿ ನನಗೆ ಗೊತ್ತಿದ್ದ ಐಸ್ ಎಂದರೆ ಕಬ್ಬಿನ ಹಾಲಿನ ಗಾಡಿಯದು ಮತ್ತು ಮೀನಿನ ಅಂಗಡಿಯದು. ಎರಡು ಕಡೆಯೂ ಓಡಾಡಿ ಆಡುವಷ್ಟು ಜಾಗವಿಲ್ಲ.

ಉತ್ತರ ಸಿಕ್ಕಿತು: ಅಭ್ಯಾಸ ಗುಬ್ಬಿ ಹತ್ತಿರ, ಪಂದ್ಯ ಲಡಾಖಿನಲ್ಲಿ. ಕಾಲೇಜಿನ ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿ ಈ ಆಟವನ್ನು ಮೊಬೈಲಿನಲ್ಲಿ ನೋಡಿ ಕಲಿತವರು. ಅವರ ಊರಿನ ಮನೆಯ ಸಿಮೆಂಟು ಕಣದಲ್ಲಿ ಹುಡುಗಿಯರು ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಕೋಲಿನಿಂದ ರಬ್ಬರ್ ಬಿಲ್ಲೆ ತಳ್ಳುತ್ತಿದ್ದರು. ಅದು ರಾಗಿ ಒಕ್ಕುವ ಕಾಲವೂ ಆಗಿದ್ದರಿಂದ ಅಲ್ಲಿ ಮೇಷ್ಟ್ರ ತಾಯಿಯ ಮಾತೇ ಕೊನೆಯದು. "ಮೊದ್ಲು ರಾಗಿ ಚೀಲಕ್ ತುಂಬ್ರವ್ವ, ಆಮ್ಯಾಕೆ ಎಷ್ಟಾದ್ರೂ ಜಾರ್ಕಳಿ" ಎನ್ನುತ್ತಿದ್ದರು. ಆ ತಿಂಗಳು ತಂಡ ಬಿಲ್ಲೆಗಿಂತ ಹೆಚ್ಚಾಗಿ ರಾಗಿಯನ್ನೇ ಗುರಿ ಮುಟ್ಟಿಸಿತು.

ಹೊರಡುವ ದಿನ ಪ್ರಾಂಶುಪಾಲರು ಮೇಷ್ಟ್ರನ್ನು ಕರೆದು, "ಗೆಲ್ಲೋದು ಬೇಡ ಕಣ್ರೀ, ಒಂದೇ ಒಂದು ಗೋಲ್ ಹೊಡ್ಕೊಂಡು ಬನ್ನಿ. ಅದೂ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಟೀಮ್ ನಡೆಸೋಕೆ ಮ್ಯಾನೇಜ್‌ಮೆಂಟ್ ಒಪ್ಪಲ್ಲ" ಎಂದರು. ಪೋಷಕರ ಪರವಾಗಿ ನಾನೂ ಜೊತೆಗೆ ಹೋದೆ.

ಅಲ್ಲಿನ ಅಂಗಣವೆಂದರೆ ಹೆಪ್ಪುಗಟ್ಟಿದ ಒಂದು ಕೊಳ. ರಾತ್ರಿ ಅದರ ಮೇಲೆ ನೀರು ಹರಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಗಾಜಿನಂತಾಗುತ್ತದೆ, ಬಿಸಿಲೇರಿದರೆ ಮೆತ್ತಗಾಗುತ್ತದೆ. ನಮಗೆ ಗೊತ್ತುಮಾಡಿದ್ದ ಮೂರು ಪಂದ್ಯಗಳಲ್ಲಿ ಮೊದಲನೆಯದು ಬಿಸಿಲಿಗೆ ಹೋಯಿತು, ಎರಡನೆಯದು ಹಿಮ ಸುರಿದು ಹೋಯಿತು. ಉಳಿದದ್ದು ಒಂದೇ. ಆ ಬೆಳಿಗ್ಗೆ ಮೇಷ್ಟ್ರು ಕೋಲು, ಸ್ಕೇಟ್ಸ್‌ಗಳಿಗೆ ಕುಂಕುಮವಿಟ್ಟು, "ಸಾರ್, ನೀವು ಹಿರಿಯರು, ಕರ್ಪೂರ ಹಚ್ಚಿಬಿಡಿ" ಎಂದರು. ನಮ್ಮಲ್ಲಿ ಹೊಸ ಬೈಕು ತಂದರೂ ಅದರ ಮುಂದೆ ನೆಲದ ಮೇಲೆ ಕರ್ಪೂರ ಹಚ್ಚುತ್ತೇವೆ. ನಾನೂ ನಮ್ಮ ಗೋಲಿನ ಮುಂದೆ, ಹೊಸಿಲಿಗೆ ಹಚ್ಚುವ ಹಾಗೆ, ಇಟ್ಟು ಹಚ್ಚಿದೆ. ಗಾಳಿಗೆ ಆರಿತು. ಇನ್ನೆರಡು ಬಿಲ್ಲೆ ಇಟ್ಟೆ. ಮತ್ತೆ ಆರಿತು. ಕೊನೆಗೆ ಹೆಂಡತಿ ಕಟ್ಟಿಕೊಟ್ಟಿದ್ದ ಇಡೀ ಪ್ಯಾಕೆಟ್ ಸುರಿದೆ. ಚೆನ್ನಾಗಿ ಉರಿಯಿತು. ನೆಲವೇ ಐಸ್ ಎಂಬುದು ನನಗೆ ಹೊಳೆದದ್ದು ಕರ್ಪೂರ ಮುಳುಗಿದಾಗ.

"ಅಂಕಲ್, ಇನ್ನೊಂದು ಪ್ಯಾಕೆಟ್ ಹಾಕಿದ್ರೆ ಬಾವಿನೇ ಆಗೋದು" ಎಂದಳು ಕುಣಿಗಲ್ಲಿನ ಗೋಲ್‌ಕೀಪರ್ ಹುಡುಗಿ. ಅಲ್ಲಿಯವರು ಗುಂಡಿಗೆ ಹಿಮ ತುಂಬಿ, ನೀರು ಹೊಯ್ದು, ತುಳಿದರು. ಮಸಿ ಮಾತ್ರ ಉಳಿಯಿತು. ಬಿಸಿಲೇರುತ್ತಿದ್ದಂತೆ, ಕಪ್ಪಾಗಿದ್ದ ಆ ಜಾಗವೇ ಮೊದಲು ಕರಗತೊಡಗಿತು.

ಮೊದಲರ್ಧದಲ್ಲಿ ಎದುರಾಳಿಗಳು ಹೊಡೆದ ಬಿಲ್ಲೆಗಳು ಎರಡು ಮೂರು ಸಲ ಆ ಗುಂಡಿಯಲ್ಲೇ ಸಿಕ್ಕಿಕೊಂಡವು. "ನೋಡಿದ್ರಾ ಸಾರ್, ದೇವ್ರು ಗೋಲ್ ಮುಂದೇನೇ ಕೂತವ್ನೆ!" ಎಂದು ಮೇಷ್ಟ್ರು ಕೈ ಮುಗಿದರು. ವಿರಾಮದ ನಂತರ ತಂಡಗಳು ಬದಿ ಬದಲಿಸಿದವು. ದೇವರು ಬದಲಿಸಲಿಲ್ಲ.

ಪಂದ್ಯ ಮುಗಿಯುತ್ತಾ ಬಂದಿತ್ತು. ಚೈತ್ರ ಬಿಲ್ಲೆ ಕಸಿದುಕೊಂಡು ಒಬ್ಬಳೇ ನುಗ್ಗಿದಳು. ಅವರ ಗೋಲ್‌ಕೀಪರ್ ಮುಂದೆ ಬಂದು ಆಯತಪ್ಪಿ ಬಿದ್ದಳು. ಗೋಲು ಬಾಗಿಲು ತೆರೆದ ಮನೆಯಂತಿತ್ತು. "ಹೊಡಿಯೇ!" ಎಂದು ನಾನು ಕೂಗಿದೆ. ಅವಳು ಹೊಡೆದಳು. ಬಿಲ್ಲೆ ನೇರವಾಗಿ ಹೋಗಿ ಕರ್ಪೂರದ ಗುಂಡಿಗೆ ಬಿದ್ದು, ಅಲ್ಲೇ ನಿಂತಿತು. ಹನ್ನೆರಡು–ಸೊನ್ನೆಯಲ್ಲಿ ಸೋತೆವು. ಚೈತ್ರ ಹೆಲ್ಮೆಟ್ ತೆಗೆದು ನನ್ನ ಕಡೆ ನೋಡಿದಳು.

ವಾಪಸು ಬಂದು ಪತ್ರಿಕೆಗೆ ವರದಿ ಬರೆದೆ. "ಗೋಲಿನ ಮುಂದೆ ಗುಂಡಿ ಇದ್ದ ಕಾರಣ ತಂಡಕ್ಕೆ ಖಚಿತವಾಗಿದ್ದ ಗೋಲು ಕೈತಪ್ಪಿತು." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕಾಲೇಜಿನ ಆಡಳಿತ ಮಂಡಳಿಯವರು ಓದಿ, "ಪಾಪ, ಮಕ್ಕಳದೇನು ತಪ್ಪು" ಎಂದು ಇನ್ನೊಂದು ವರ್ಷ ತಂಡ ನಡೆಸಲು ಒಪ್ಪಿದರು. ನಾನು ಈ ಸುದ್ದಿಯನ್ನು ಮನೆಯಲ್ಲಿ ಸ್ವಲ್ಪ ಜಂಬದಿಂದಲೇ ಹೇಳಿದೆ.

"ಒಳ್ಳೇದಾಯ್ತು ಕಣಪ್ಪ. ಮುಂದಿನ ಸಲ ನಂಜೊತೆ ಅಮ್ಮ ಬರ್ತಾಳೆ" ಎಂದಳು ಚೈತ್ರ. ನನಗೆ ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತಾರಂತೆ. ವರದಿಗಾರ ಘಟನೆಯಿಂದ ಅಂತರ ಕಾಯ್ದುಕೊಳ್ಳಬೇಕೆಂದು ಆಫೀಸಿನಲ್ಲಿ ಕಿರಿಯರಿಗೆ ಪಾಠ ಹೇಳುವವನು ನಾನೇ. ಎಷ್ಟು ಅಂತರ ಎಂದು ಅವರು ಯಾವತ್ತೂ ಕೇಳಿರಲಿಲ್ಲ. ಈಗ ಕೇಳಿದರೆ ಹೇಳಬಲ್ಲೆ: ತುಮಕೂರಿನಿಂದ ಲಡಾಖಿಗೆ ಇರುವಷ್ಟು.