ಬೇತಮಂಗಲದ ಕೆಂಪು ವೈನು

"ಇನ್ನು ಮೂರೇ ತಿಂಗ್ಳು! ಮಾರಿಕುಪ್ಪಂನಿಂದ ಬೆಂಗ್ಳೂರ್ ತಂಕ ಕದಿರಪ್ಪನ ವೈನು ಅಂದ್ರೆ ಜನ ಕೈ ಮುಗೀಬೇಕು!"

ಬೇತಮಂಗಲದ ಕದಿರಪ್ಪ ಈ ಭೀಷ್ಮ ಪ್ರತಿಜ್ಞೆ ಮಾಡಿದ್ದು ೧೯೮೪ರ ಜನವರಿಯಲ್ಲಿ, ತನ್ನ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು. ಕ್ರಿಸ್‌ಮಸ್‌ಗೆ ಚಿನ್ನದ ಗಣಿಯ ಕೋರಮಂಡಲ್‌ನ ಬಂಗಲೆಯೊಂದಕ್ಕೆ ದ್ರಾಕ್ಷಿ ಕೊಡಲು ಹೋದಾಗ ಅಲ್ಲಿನ ದೊರೆಸಾನಿಯಮ್ಮ ಬೆರಳುದ್ದದ ಗ್ಲಾಸಿನಲ್ಲಿ ಮನೆಯಲ್ಲೇ ಮಾಡಿದ ಕೆಂಪು ವೈನು ಕೊಟ್ಟಿದ್ದರು. ಮಾಡುವ ಕ್ರಮವನ್ನೂ ಹೇಳಿದ್ದರು. "ಗಾಳಿ ಆಡದಂತೆ ಮುಚ್ಚಿಟ್ಟು ಮರೆತುಬಿಡಬೇಕು" ಅನ್ನುವುದು ಕೊನೆಯ ಮಾತು. ಅಷ್ಟು ಹೊತ್ತಿಗೆ ಎರಡನೇ ಗ್ಲಾಸೂ ಖಾಲಿ, ಕದಿರಪ್ಪನ ಕಿವಿಯೂ ಖಾಲಿ!

"ಕದಿರಪ್ಪ ಅಂಡ್ ಸನ್ಸ್ ಅಂತ ಬೋರ್ಡ್ ಬರೆಸ್ತೀನಿ ಕಣೇ!"

"ಸನ್ಸ್ ಎಲ್ಲವ್ರೆ? ನಂಗ್ ತಿಳ್ದಂಗೆ ನಮ್ಗಿರಾದು ಎಲ್ಡು ಹೆಣ್ಣು," ಅಂದಳು ಹೆಂಡತಿ ಗಂಗರತ್ನಮ್ಮ. "ಅದಿರ್ಲಿ, ನಮ್ಮಣ್ಣ ಅಬಕಾರಿ ಗಾರ್ಡು ಅನ್ನಾದು ಗ್ಯಾಪಕ ಐತಾ?"

"ನಿಮ್ಮಣ್ಣ ಇರಾದು ಕೋಲಾರದಾಗೆ. ವೈನ್ ಇರಾದು ನಮ್ಮ ಕ್ವಾಣೇಲಿ!"

ಇಡೀ ಸಂಸಾರ ಉದ್ಯಮಕ್ಕೆ ಇಳಿಯಿತು. ಕದಿರಪ್ಪನ ತಾಯಿ ಪೆದ್ದಮ್ಮ ತೊಟ್ಟು ಬಿಡಿಸಿದರು. ಹೆಣ್ಣುಮಕ್ಕಳು ಕಾಲು ತೊಳೆದು ಕೊಳಗದಲ್ಲಿ ಕುಣಿದರು. ಗಂಗರತ್ನಮ್ಮ ಗೊಣಗಿಕೊಂಡೇ ಐದು ಉಪ್ಪಿನಕಾಯಿ ಜಾಡಿ ಕೊಟ್ಟಳು. ಕದಿರಪ್ಪನ ಪಾಲಿಗೆ ಬಂದದ್ದು ಮೇಲ್ವಿಚಾರಣೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ನೋಡುವುದು, ಸಂಜೆ ಮೂಸುವುದು, ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸುವುದು! ಮೂರನೇ ತಿಂಗಳು ಒಂದು ಚಮಚ ಕುಡಿದಾಗ ನಾಲಿಗೆ ಗಂಟಲೊಳಕ್ಕೆ ಓಡಿತು.

"ಇದೇ ಕಣೇ ಕ್ಲಾಸು!" ಅಂತ ಕಣ್ಣೊರೆಸಿಕೊಂಡ.

ಆ ಭಾನುವಾರ ಬೀದಿಯಲ್ಲಿ ಬೂಟಿನ ಸದ್ದು.

"ಅಣ್ಣ ಬಂದ!" ಅಂತ ಗಂಗರತ್ನಮ್ಮ ಕೂಗಿದಳು.

ಕದಿರಪ್ಪ ಕೂತಲ್ಲಿಂದ ಚಂಗನೆ ಎದ್ದ. ಓಡಿಹೋಗಿ ಜಾಡಿಯೊಂದನ್ನು ತಬ್ಬಿಕೊಂಡು ಹಿತ್ತಿಲಿಗೆ ಹೊರಟ. ಹೊಸಿಲು ಎಡವಿದ. ಜಾಡಿ ಚೂರು! ಕೆಂಪು ಹೊಳೆಯೊಂದು ಪಡಸಾಲೆಯುದ್ದಕ್ಕೂ ಹರಿದು, ಆಗತಾನೇ ಒಳಗೆ ಕಾಲಿಟ್ಟ ಗಂಗರತ್ನಮ್ಮನ ಅಣ್ಣ ಕೋದಂಡಪ್ಪನ ಬೂಟಿಗೆ ಅಭಿಷೇಕ ಮಾಡಿತು.

"ಅಯ್ಯಯ್ಯೋ ರಕ್ತ! ನನ್ ಮಗನ್ ಗತಿ ಏನಾಯ್ತೋ!" ಪೆದ್ದಮ್ಮ ಬಾಯಿ ಬಡಿದುಕೊಂಡರು.

ಕೋದಂಡಪ್ಪ ಬಗ್ಗಿ ಮೂಸಿದ. ಹುಬ್ಬು ಮೇಲೇರಿತು. "ಬಾವ, ಏನಿದು?"

"ವಿ... ವಿನಿಗರ್ರು! ಉಪ್ಪಿನ್ಕಾಯ್ಗೆ!" ಬಿದ್ದಲ್ಲಿಂದಲೇ ಕದಿರಪ್ಪ ಬಾಯಿಗೆ ಬಂದದ್ದು ಒದರಿದ.

ಕೋದಂಡಪ್ಪ ಕೋಣೆಗೆ ನುಗ್ಗಿ, ಇನ್ನೊಂದು ಜಾಡಿಗೆ ಲೋಟ ಅದ್ದಿ ಗುಟುಕರಿಸಿದ. ಕದಿರಪ್ಪ ಮನಸ್ಸಿನಲ್ಲೇ ಜೈಲಿನ ರಾಗಿಮುದ್ದೆ ಮುರಿಯುತ್ತಿದ್ದ. ಕೋದಂಡಪ್ಪನ ಎಡಗಣ್ಣು ಮುಚ್ಚಿತು, ಬಲಗಣ್ಣು ಮುಚ್ಚಿತು, ಮುಖ ಹಿಂಡಿದ ನಿಂಬೆಹೋಳಾಯಿತು.

"ಬಾವ... ಇದು ವಿನಿಗರ್ರೇ!"

"ಹಾಂ?" ಕದಿರಪ್ಪನಿಗೆ ಉಳಿದೆನಲ್ಲಾ ಅಂತ ನಗಬೇಕೋ, ಮೂರು ತಿಂಗಳ ತಪಸ್ಸು ಹುಳಿಯಾಯಿತಲ್ಲಾ ಅಂತ ಅಳಬೇಕೋ ತಿಳಿಯಲಿಲ್ಲ. ಗಂಗರತ್ನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೋಡಿದಳು.

"ಒಂದನಿ ಅಮಲೂ ಇಲ್ಲ! ಏನ್ ಕೈಗುಣ ಬಾವ ನಿಮ್ದು!" ಅನ್ನುತ್ತ ಕೋದಂಡಪ್ಪ ಆಚೀಚೆ ನೋಡಿ, ಬಾಗಿಲು ಮುಂದೆ ಮಾಡಿ, ಬಾವನ ಕಿವಿಯ ಹತ್ತಿರ ಬಂದ.

"ಎಂಗ್ ಮಾಡಿದ್ರೋ ವಸಿ ಯೋಳ್ಕೊಡಿ. ನಮ್ಮನೇವ್ಳು ಉಪ್ಪಿನ್ಕಾಯ್ಗೆ ವಿನಿಗರ್ ಬೇಕು ಅಂತ ಪ್ರಾಣ ತಿಂತಾವ್ಳೆ. ನಾನೂ ಮೂರ್ ಸಲ ದ್ರಾಕ್ಷಿ ತಂದು ಮಾಡ್ದೆ. ಏನ್ ಮಾಡಾದು ನನ್ ಹಣೇಬರ... ಮೂರ್ ಸಲಾನೂ ಹಾಳಾದ್ದು ವೈನೇ ಆಗೋಯ್ತು!"