ಚೀಟಿ ಹೇಳಿದ ಬಸ್ಸು

ನನ್ನ ಸೋಮಾರಿತನಕ್ಕೆ ನಾನು ಕೊಟ್ಟುಕೊಂಡಿರುವ ಗೌರವದ ಹೆಸರು ಚುರುಕುತನ. ಹತ್ತು ಹೆಜ್ಜೆಯ ಕೆಲಸವನ್ನು ಒಂದೇ ನೆಗೆತಕ್ಕೆ ಮುಗಿಸುವ ದಾರಿ ಕಂಡರೆ ಕಾಲು ತಾನಾಗಿಯೇ ಏಳುತ್ತದೆ. ಎಲ್ಲಿ ಬೀಳುತ್ತೇನೆಂಬುದನ್ನು ಬಿದ್ದ ಮೇಲೆಯೇ ನೋಡುವುದು.

ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ಆಗ ನಾನೊಬ್ಬನೇ. ಪಾಳಿ ಮುಗಿಸಿದವರು ತಮ್ಮ ಊರು ಒತ್ತಿದರೆ ಯಾವ ಬಸ್ಸು ಹತ್ತಬೇಕೆಂದು ಚೀಟಿ ಕೊಡುವ ಪ್ರೋಗ್ರಾಂ ಬರೆಯಲು ಮ್ಯಾನೇಜರು ಹೇಳಿದರು. ನಾನು ಪ್ರೋಗ್ರಾಂ ಬರೆಯುತ್ತಿದ್ದ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಗೆ ಆಗಷ್ಟೇ ‘ಗೋಟು’ ಬಂದಿತ್ತು. ನಡುವಿನ ಸಾಲುಗಳನ್ನೆಲ್ಲ ಬಿಟ್ಟು ಹೆಸರಿಟ್ಟ ಸಾಲಿಗೆ ಹಾರು ಎನ್ನುವ ಅಪ್ಪಣೆ ಅದು. ನನಗೆ ಅಷ್ಟು ಸಾಲದು. ಒತ್ತಿದ ಊರಿನ ಹೆಸರನ್ನೇ ಗೋಟುವಿನ ಕೈಗಿತ್ತು, ‘ಇವನ ಊರು ಯಾವುದೋ ಅಲ್ಲಿಗೆ ಹಾರು’ ಎನ್ನಬೇಕೆಂಬ ಆಸೆ. ಪಿಎಚ್‌ಪಿ ಒಪ್ಪಲಿಲ್ಲ. ಹಾರುವ ಜಾಗವನ್ನು ಮೊದಲೇ ಬರೆದಿಡು ಎಂದು ಹಟ ಹಿಡಿಯಿತು. ಮುನಿಸಿಕೊಂಡೇ ಮಾಗಡಿ, ರಾಮನಗರ, ಕನಕಪುರ ಎಂದು ಒಂದರ ಕೆಳಗೊಂದು ಹೆಸರಿಟ್ಟು, ಊರಿಗೊಂದು ಗೋಟು ಬರೆದೆ. ಕನಕಪುರ ಒತ್ತಿ ನೋಡಿದೆ, ಸರಿಯಾಗಿ ಬಂತು. ಉಳಿದವೂ ಬರುತ್ತವೆಂದು ಕಾಫಿಗೆ ಹೋದೆ.

ಮೊದಲ ದಿನ ಸಂಜೆ ಎಲ್ಲರ ಚೀಟಿಯಲ್ಲೂ ಕನಕಪುರ. ಹಳಬರು ಅದರಲ್ಲಿ ಕಡಲೆಕಾಯಿ ಸಿಪ್ಪೆ ಸುತ್ತಿ ಎಸೆದು ಎಂದಿನ ಬಸ್ಸು ಹತ್ತಿದರು. ಕೆಲಸಕ್ಕೆ ಸೇರಿ ಎರಡೇ ದಿನವಾಗಿದ್ದ ನಿಂಗಪ್ಪ ಮಾತ್ರ ನನ್ನ ಬಳಿ ಬಂದ. ಅವರದು ಕುರಿ ಸಾಕುವ ಮನೆ. ಹೊಟ್ಟೆ ಉಬ್ಬರಿಸಿಕೊಂಡ ಕುರಿಯೊಂದಕ್ಕೆ ಔಷಧಿ ಕೊಂಡು ಚೀಲದಲ್ಲಿಟ್ಟುಕೊಂಡಿದ್ದ.

“ಸಾ, ನಮ್ಮೂರು ಮಾಗಡಿ ಕಡೆ. ಚೀಟೀಲಿ ಕನಕಪುರ ಅಂತ ಐತೆ.”

ಹೊಸ ದಾರಿ ಮಾಡಿರಬಹುದು, ಕಂಪ್ಯೂಟರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತೇ ಎಂದು ನಾನೇ ಅವನನ್ನು ಕನಕಪುರದ ಬಸ್ಸು ಹತ್ತಿಸಿದೆ.

ಬಸ್ಸು ಹೊರಟ ಮೇಲೆ ತಪ್ಪು ಹೊಳೆಯಿತು. ಮಾಗಡಿಗೆ ಹಾರಿದ ಪ್ರೋಗ್ರಾಂ ಅಲ್ಲೇ ನಿಲ್ಲಬೇಕೆಂದು ನಾನು ಬರೆದೇ ಇರಲಿಲ್ಲ. ಅದು ಮಾಗಡಿ ದಾಟಿ, ರಾಮನಗರ ದಾಟಿ, ಕೊನೆಯ ಹೆಸರಾದ ಕನಕಪುರದಲ್ಲಿ ಹೋಗಿ ಕೂರುತ್ತಿತ್ತು.

ಮರುದಿನ ಬೆಳಿಗ್ಗೆ ಬಂದವನೇ ಗೇಟಿನಲ್ಲಿ ನಿಂಗಪ್ಪನಿಗಾಗಿ ಕಾದೆ. ಕುರಿ ಹೇಗಿದೆ ಎಂದು ಕೇಳಿದೆ. ಅವನು ಮೂರು ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಹೆಂಡತಿಯೇ ಎಣ್ಣೆ ಕುಡಿಸಿ, ಅಂಗಳದಲ್ಲಿ ಓಡಾಡಿಸಿ, ಕುರಿಯನ್ನು ಉಳಿಸಿಕೊಂಡಿದ್ದಳಂತೆ. ತಪ್ಪು ನನ್ನದೇ ಎಂದೆ. ಗೋಟುವಿನ ಕಥೆಯನ್ನೂ ಒಂದಿಷ್ಟು ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

“ಅದಿರ್ಲಿ ಸಾ, ನೆನ್ನೆ ನೀವ್ ಯಾವ ಬಸ್ನಲ್ಲಿ ಹೋದ್ರಿ?”

ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ ಸ್ಕೂಟರಿನ ಕೀಲಿಯನ್ನು ಮೆಲ್ಲಗೆ ಜೇಬಿಗಿಳಿಸಿದೆ.